ಮೆಗ್ನೀಸಿಯಂ ನೋಡಿ ಎಂದು ಯಾರೂ ಹೇಳಲಿಲ್ಲ

ಶಿವರಾತ್ರಿ ಕಳೆದ ವಾರ ಅಮ್ಮನ ಬಲಗೈ ಮೊದಲ ಸಲ ಹಿಡಿದುಕೊಂಡಿತು. ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದವಳು ಮೊರವನ್ನು ಪಕ್ಕಕ್ಕೆ ತಳ್ಳಿ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿಹಿಡಿದಳು. ಹೆಬ್ಬೆರಳು ಅಂಗೈಯೊಳಗೆ ಸೇರಿಕೊಂಡಿತ್ತು, ಉಳಿದ ನಾಲ್ಕು ಬೆರಳು ನೆಟ್ಟಗೆ ಒಂದಕ್ಕೊಂದು ಅಂಟಿ ನಿಂತಿದ್ದವು. ಬಿಡಿಸಲು ಹೋದರೆ ನೋವು. ಐದು ನಿಮಿಷ ಕಳೆದ ಮೇಲೆ ತಾನಾಗಿಯೇ ಸಡಿಲವಾಯಿತು. "ನಲವತ್ತು ವರ್ಷ ಬೀಡಿ ಕಟ್ಟಿದ ಕೈ, ಇಷ್ಟಾದರೂ ಆಗದೆ ಇರುತ್ತದೆಯೇ" ಎಂದು ಅಮ್ಮ ಮತ್ತೆ ಕತ್ತರಿ ಹಿಡಿದಳು. ನಾನೂ ಅದನ್ನೇ ನಂಬಿದೆ. ಆ ನಂಬಿಕೆಯಲ್ಲೇ ಐದು ತಿಂಗಳು ಹೋಯಿತು.

ನಮ್ಮ ಮನೆ ಪೆರ್ಡೂರಿನಿಂದ ಇನ್ನೂ ಒಳಗೆ, ಉಡುಪಿಗೆ ಹೋಗಬೇಕಾದರೆ ಎರಡು ಬಸ್ ಹಿಡಿಯಬೇಕಾದ ಜಾಗ. ನಾನು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಅಣ್ಣ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ. ಅಮ್ಮನಿಗೆ 63 ವರ್ಷ. ಒಂಬತ್ತು ವರ್ಷಗಳಿಂದ ಶುಗರ್, ಏಳು ವರ್ಷಗಳಿಂದ ಬಿಪಿ, ಆರು ವರ್ಷಗಳಿಂದ ಗ್ಯಾಸ್ಟ್ರಿಕ್ ಮಾತ್ರೆ. ಈ ಮೂರನೆಯದನ್ನು ನಾವು ಔಷಧದ ಲೆಕ್ಕಕ್ಕೇ ಸೇರಿಸಿರಲಿಲ್ಲ. ಯಾವ ಡಾಕ್ಟರು ಕೇಳಿದರೂ "ಶುಗರಿಗೆ ಎರಡು, ಬಿಪಿಗೆ ಒಂದು" ಎಂದಷ್ಟೇ ಹೇಳುತ್ತಿದ್ದೆವು. ಬೆಳಿಗ್ಗೆ ಹಲ್ಲುಜ್ಜಿದಂತೆ ಆ ಮಾತ್ರೆಯನ್ನೂ ನುಂಗುವುದು ರೂಢಿಯಾಗಿಬಿಟ್ಟಿತ್ತು. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ಯುಗಾದಿಯ ಹೊತ್ತಿಗೆ ಕೈ ಹಿಡಿಯುವುದು ವಾರಕ್ಕೆ ಎರಡು ಮೂರು ಸಲ ಆಯಿತು. ರಾತ್ರಿ ಮೀನಖಂಡದಲ್ಲಿ ಸೆಳೆತ. ತುಟಿಯ ಸುತ್ತ ಇರುವೆ ಹರಿದಂತೆ ಜುಮ್ಮೆನ್ನುತ್ತದೆ ಎಂದಳು. ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕೈಯನ್ನು ಮುಟ್ಟಿ ನೋಡುವ ಮೊದಲೇ "ವಯಸ್ಸಾಯಿತಲ್ಲ, ಕ್ಯಾಲ್ಸಿಯಂ ಕಡಿಮೆ" ಎಂದು ಕ್ಯಾಲ್ಸಿಯಂ ಮಾತ್ರೆ, ಬಿ ಕಾಂಪ್ಲೆಕ್ಸ್ ಬರೆದುಕೊಟ್ಟರು. ಕ್ಯಾಲ್ಸಿಯಂ ಕಡಿಮೆ ಎಂಬ ಅವರ ಊಹೆ ಸುಳ್ಳಾಗಿರಲಿಲ್ಲ, ಅದು ನಮಗೆ ಗೊತ್ತಾದದ್ದು ಆಮೇಲೆ. ಆದರೆ ಯಾಕೆ ಕಡಿಮೆ ಎಂದು ಯಾರೂ ಕೇಳಲಿಲ್ಲ. ಎರಡು ತಿಂಗಳು ಮಾತ್ರೆ ನುಂಗಿಸಿದೆ, ರಾತ್ರಿ ತೆಂಗಿನೆಣ್ಣೆ ಬಿಸಿ ಮಾಡಿ ಕಾಲಿಗೆ ತಿಕ್ಕಿದೆ. ಏನೂ ಇಳಿಯಲಿಲ್ಲ.

ಮೇ ತಿಂಗಳಲ್ಲಿ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಆಶಾ ಅಕ್ಕ ಮನೆಗೇ ಬಂದು ಕರೆದಿದ್ದರು. ಬೆರಳಿಗೆ ಚುಚ್ಚಿ ಶುಗರ್ ನೋಡಿದರು, ಬಿಪಿ ನೋಡಿದರು, ಶುಗರ್ ಜಾಸ್ತಿ ಇದೆ ಎಂದು ಚೀಟಿಯಲ್ಲಿ ಬರೆದರು. ಅಂಥ ಶಿಬಿರಗಳು ಬೇಕು. ಆಶಾ ಕಾರ್ಯಕರ್ತೆಯರು ಬಿಸಿಲಿನಲ್ಲಿ ತಿರುಗದೆ ಇದ್ದರೆ ನಮ್ಮ ಓಣಿಯ ಅರ್ಧ ಹೆಂಗಸರಿಗೆ ತಮಗೆ ಶುಗರ್ ಇದೆ ಎಂಬುದೇ ತಿಳಿಯುತ್ತಿರಲಿಲ್ಲ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ ಎಂದು ಅಂದಾಜು ಮಾಡಿದೆ. ಮಧುಮೇಹ ಇರುವವರು ನಗರಗಳಲ್ಲಿ ಹೆಚ್ಚು. ಹೊಸ್ತಿಲಲ್ಲಿ ಇರುವವರ ಲೆಕ್ಕದಲ್ಲಿ ಮಾತ್ರ ಹಳ್ಳಿಗೂ ನಗರಕ್ಕೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಶಿಬಿರದ ಬೆರಳಚುಚ್ಚು ಸಕ್ಕರೆಯನ್ನು ಮಾತ್ರ ತೋರಿಸುತ್ತದೆ. ರಕ್ತದಲ್ಲಿರುವ ಲವಣ, ಖನಿಜಗಳಿಗೆ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿಗೇ ಕಳಿಸಬೇಕು.

ಜೂನ್ ಮೊದಲ ವಾರ, ಮಳೆ ಹಿಡಿದ ಮೇಲೆ, ನಾನೇ ಹಠ ಮಾಡಿ ಪೇಟೆಯ ಲ್ಯಾಬಿಗೆ ಕರೆದುಕೊಂಡು ಹೋದೆ. ಅಲ್ಲಿ ಎರಡು ತಪ್ಪುಗಳಾದವು. ಒಂದು ನಮ್ಮದು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು. ಅಮ್ಮ ಊಟ ಬಿಟ್ಟಳು, ಆದರೆ ಅಭ್ಯಾಸದಂತೆ ಆರು ಗಂಟೆಗೇ ಶುಗರ್ ಮಾತ್ರೆ ನುಂಗಿದ್ದಳು. ಬಸ್ ತಡವಾಗಿ, ಲ್ಯಾಬಿನಲ್ಲಿ ಸಾಲು ನಿಂತು, ಒಂಬತ್ತೂವರೆ ಆಗುವಷ್ಟರಲ್ಲಿ ಅವಳ ಹಣೆ ಬೆವರಿ ಕೈ ನಡುಗಲು ಶುರುವಾಯಿತು. ಪಕ್ಕದ ಹೋಟೆಲಿನಿಂದ ಸಕ್ಕರೆ ನೀರು ತಂದು ಕುಡಿಸಿದೆ. ಅಂದಿನ ಪರೀಕ್ಷೆ ವ್ಯರ್ಥ. ಖಾಲಿ ಹೊಟ್ಟೆಯ ಪರೀಕ್ಷೆಯ ದಿನ ಶುಗರ್ ಮಾತ್ರೆಯನ್ನು ರಕ್ತ ಕೊಟ್ಟು, ತಿಂಡಿ ತಿಂದ ನಂತರವೇ ತೆಗೆದುಕೊಳ್ಳಬೇಕೇ ಎಂದು ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ನೀರು ಕುಡಿಯಬಹುದು. ಚೀಲದಲ್ಲಿ ಒಂದು ತುಂಡು ಬೆಲ್ಲ ಇರಲಿ, ತಿಂಡಿಯ ಡಬ್ಬಿ ಇರಲಿ.

ಎರಡು ದಿನ ಬಿಟ್ಟು ಮತ್ತೆ ಹೋದೆವು. ಎರಡನೆಯ ತಪ್ಪು ಆದದ್ದು ಆಗ. ಅಮ್ಮನ ರಕ್ತನಾಳ ಸುಲಭಕ್ಕೆ ಸಿಗುವುದಿಲ್ಲ. ತೋಳಿಗೆ ರಬ್ಬರ್ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಮುಷ್ಟಿ ಬಿಗಿಹಿಡಿದು ಬಿಡಲು ಹೇಳಿ, ಮೂರು ಕಡೆ ಚುಚ್ಚಿ, ಕೊನೆಗೆ ಹೇಗೋ ಎಳೆದು ತೆಗೆದರು. ಆ ಲ್ಯಾಬಿನಲ್ಲಿ ಶುಗರ್, ಹಿಮೋಗ್ಲೋಬಿನ್ ಮಾತ್ರ ಅಲ್ಲೇ ಆಗುತ್ತದೆ, ಉಳಿದದ್ದು ಪೆಟ್ಟಿಗೆಯಲ್ಲಿ ಮಂಗಳೂರಿಗೆ ಹೋಗುತ್ತದೆ. ಅಂದು ಕರೆಂಟ್ ಇರಲಿಲ್ಲ. ರಕ್ತದಿಂದ ಸೀರಂ ಎಂಬ ತಿಳಿಭಾಗವನ್ನು ಬೇರ್ಪಡಿಸುವ ಯಂತ್ರ ತಿರುಗದೆ ಟ್ಯೂಬುಗಳು ಹಾಗೆಯೇ ನಿಂತಿದ್ದನ್ನು ನಾನು ಕಣ್ಣಾರೆ ನೋಡಿದೆ. ನೋಡಿದರೂ ಅದರ ಅರ್ಥ ತಿಳಿಯಲಿಲ್ಲ.

ಮೂರನೆಯ ದಿನ ರಿಪೋರ್ಟ್ ಬಂತು. ಖಾಲಿ ಹೊಟ್ಟೆಯ ಶುಗರ್ 168. ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, 8.6. ಕ್ಯಾಲ್ಸಿಯಂ 7.4, ಇರಬೇಕಾದದ್ದು 8.5ರಿಂದ 10.5. ಪೊಟ್ಯಾಸಿಯಂ 4.1, ಅದು ಸರಿಯಾಗಿಯೇ ಇದೆ, ಮಿತಿ 3.5ರಿಂದ 5. ಕ್ಲಿನಿಕ್ಕಿನಲ್ಲಿ ಕ್ಯಾಲ್ಸಿಯಂ ಮಾತ್ರೆ ಎರಡರಷ್ಟು ಮಾಡಿದರು. ನಾನು ನಿರಾಳವಾದೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ "ಮಾದರಿ ಹಿಮೋಲೈಸ್ ಆಗಿದೆ" ಎಂದು ಇತ್ತು. ಅದನ್ನು ನಾನೂ ಓದಲಿಲ್ಲ, ಕ್ಲಿನಿಕ್ಕಿನವರೂ ಓದಲಿಲ್ಲ.

ಹಿಮೋಲೈಸ್ ಎಂದರೆ ಕೆಂಪು ರಕ್ತಕಣ ಒಡೆದದ್ದು. ಪೊಟ್ಯಾಸಿಯಂ ಇರುವುದು ಹೆಚ್ಚಾಗಿ ಕಣದ ಒಳಗೆ. ಕಣ ಒಡೆದರೆ ಅದು ಹೊರಗೆ ಸುರಿದು ಸಂಖ್ಯೆ ಏರುತ್ತದೆ. ಬಿಗಿದ ಪಟ್ಟಿ, ಬಿಗಿದ ಮುಷ್ಟಿ, ಸೀರಂ ಬೇರ್ಪಡಿಸದೆ ಗಂಟೆಗಟ್ಟಲೆ ಇಟ್ಟ ರಕ್ತ, ಎಲ್ಲವೂ ಅದನ್ನು ಏರಿಸುತ್ತವೆ. ಹೀಗೆ ಅಮ್ಮನ ಕಡಿಮೆ ಪೊಟ್ಯಾಸಿಯಂ ಕಾಗದದ ಮೇಲೆ ಸರಿಯಾದ ಪೊಟ್ಯಾಸಿಯಂ ಆಗಿಬಿಟ್ಟಿತ್ತು. ರಿಪೋರ್ಟಿನಲ್ಲಿ ಆ ಪದ ಕಂಡರೆ ದಯವಿಟ್ಟು ಇನ್ನೊಮ್ಮೆ ರಕ್ತ ಕೊಡಿ. ಹಳ್ಳಿಯಲ್ಲಿ ತೆಗೆದು ದೂರಕ್ಕೆ ಕಳಿಸುವ ರಕ್ತಕ್ಕೆ ಈ ಅಪಾಯ ಹೆಚ್ಚು. ಲವಣಗಳ ಪರೀಕ್ಷೆಯನ್ನು ಅಲ್ಲೇ ಮಾಡುವ ದೊಡ್ಡ ಲ್ಯಾಬಿಗೆ ನೇರವಾಗಿ ಹೋಗುವುದಾದರೆ ಬಸ್ಸಿನ ಹಣಕ್ಕೆ ಮೋಸವಿಲ್ಲ.

ಜುಲೈ ನಡುವೆ ತುಳುವರ ಆಟಿ ತಿಂಗಳು ಬಂತು. ಅಮಾವಾಸ್ಯೆಗೆ ಇನ್ನು ನಾಲ್ಕು ದಿನ. ರಾತ್ರಿ ಹನ್ನೊಂದರ ಹೊತ್ತಿಗೆ ಅಮ್ಮ ನನ್ನನ್ನು ಕರೆದಳು, ದನಿ ಸರಿಯಾಗಿ ಹೊರಡುತ್ತಿರಲಿಲ್ಲ. ಎರಡೂ ಕೈ ಮಡಚಿಕೊಂಡಿದ್ದವು, ಎದೆ ಹೊಡೆದುಕೊಳ್ಳುತ್ತಿದೆ ಎಂದಳು. ಹೊರಗೆ ಸುರಿಮಳೆ. ನೆರೆಮನೆಯ ದೊಡ್ಡಪ್ಪ ತಮ್ಮ ಮಗನನ್ನು ಎಬ್ಬಿಸಿ ಅವನ ಆಟೋದಲ್ಲಿ ಹಿರಿಯಡ್ಕದವರೆಗೆ ಕಳಿಸಿದರು, ಅಲ್ಲಿಂದ ಆಂಬ್ಯುಲೆನ್ಸ್. ಮಣಿಪಾಲದ ಇಳಿಜಾರು ದಾಟುವಾಗ ಅಮ್ಮ ನನ್ನ ಕೈ ಹಿಡಿಯಲು ನೋಡಿದಳು, ಬೆರಳು ಬಿಡಿಸಲಾಗಲಿಲ್ಲ. ಆ ಗಳಿಗೆಯನ್ನು ನಾನು ಮರೆಯಲಾರೆ.

ಉಡುಪಿಯ ಆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು. ಬೆರಳು ಸಡಿಲವಾಗುವವರೆಗೆ ಕಾದು, ಬಿಪಿ ನೋಡುವ ಪಟ್ಟಿಯನ್ನು ಅಮ್ಮನ ತೋಳಿಗೆ ಕಟ್ಟಿ ಗಾಳಿ ತುಂಬಿ, ಬಿಡದೆ ಹಾಗೆಯೇ ಹಿಡಿದರು. "ಅಮ್ಮಾ, ಮೂರು ನಿಮಿಷ ತಡೆದುಕೊಳ್ಳಿ" ಎಂದರು. ಎರಡು ನಿಮಿಷವಾಗುವಷ್ಟರಲ್ಲಿ ಹೆಬ್ಬೆರಳು ಒಳಗೆ ಹೋಯಿತು, ನಾಲ್ಕು ಬೆರಳು ನೆಟ್ಟಗಾದವು, ಶಿವರಾತ್ರಿಯ ಮರುವಾರ ಜಗಲಿಯಲ್ಲಿ ಕಂಡ ಅದೇ ಕೈ. ಇದಕ್ಕೆ ಟ್ರೂಸೋ ಚಿಹ್ನೆ ಎಂದು ಹೆಸರಂತೆ, ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಒಬ್ಬ ವೈದ್ಯರ ಹೆಸರು. ನಾವು ಬೀಡಿಯ ಮೇಲೆ ಹಾಕಿದ್ದ ತಪ್ಪು ಬೀಡಿಯದಲ್ಲ ಎಂದು ಆ ಪಟ್ಟಿ ತೋರಿಸಿಕೊಟ್ಟಿತು.

ಆಮೇಲೆ ಅವರು ಕೇಳಿದ ಪ್ರಶ್ನೆಯೇ ನಮ್ಮನ್ನು ಉಳಿಸಿತು. "ತೆಗೆದುಕೊಳ್ಳುವ ಎಲ್ಲ ಮಾತ್ರೆ ತೋರಿಸಿ. ಹೆಸರು ಬೇಡ, ಸ್ಟ್ರಿಪ್ಪೇ ಬೇಕು." ದೊಡ್ಡಪ್ಪನ ಮಗ ಹೊರಡುವಾಗ ಅಮ್ಮನ ಔಷಧದ ಡಬ್ಬಿಯನ್ನೇ ತಂದು ಆಟೋದಲ್ಲಿ ಇಟ್ಟಿದ್ದ. ಡಾಕ್ಟರು ಒಂದೊಂದನ್ನೇ ತಿರುಗಿಸಿ ಹಿಂಬದಿ ಓದಿದರು. ಬಿಪಿ ಮಾತ್ರೆಯ ಹೆಸರಿನ ಕೊನೆಗೆ ಒಂದು "ಎಚ್" ಇತ್ತು. ಹೈಡ್ರೋಕ್ಲೋರೋಥಯಾಜೈಡ್ ಎಂಬ, ಮೂತ್ರ ಹೆಚ್ಚಿಸುವ ಔಷಧ ಅದರಲ್ಲಿ ಸೇರಿದೆ ಎಂದು ಅರ್ಥ. ಅದು ಮೂತ್ರದ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಎಂಬ ಖನಿಜಗಳನ್ನೂ ಹೊರಗೆ ಹಾಕುತ್ತದೆ. ಗ್ಯಾಸ್ಟ್ರಿಕ್ ಮಾತ್ರೆಯ ಹೆಸರಿನ ಕೊನೆಗೆ "ಡಿ" ಇತ್ತು. ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್. "ಇದು ಎಷ್ಟು ಕಾಲದಿಂದ?" ಎಂದರು. "ಆರು ವರ್ಷ" ಎಂದೆ. ಅವರು ತಲೆಯೆತ್ತಿ ನೋಡಿದರು.

ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಕರುಳು ಮೆಗ್ನೀಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2011ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಅಮ್ಮನಿಗೆ ಒಂದು ಕಡೆ ಕರುಳು ಒಳಗೆ ಬಿಡುತ್ತಿರಲಿಲ್ಲ, ಇನ್ನೊಂದು ಕಡೆ ಬಿಪಿ ಮಾತ್ರೆ ಹೊರಗೆ ಹಾಕುತ್ತಿತ್ತು, ಹಿಡಿತ ತಪ್ಪಿದ ಶುಗರ್ ಮೂತ್ರವನ್ನು ಹೆಚ್ಚಿಸಿ ಉಳಿದದ್ದನ್ನೂ ಕೊಂಡೊಯ್ಯುತ್ತಿತ್ತು. ಮೆಗ್ನೀಸಿಯಂ ಕಡಿಮೆಯಾದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಶುಗರ್ ಇನ್ನೂ ಏರುತ್ತದೆ, ಏರಿದ ಶುಗರ್ ಇನ್ನಷ್ಟು ಮೆಗ್ನೀಸಿಯಂ ಕಳೆಯುತ್ತದೆ.

ಇಸಿಜಿಯಲ್ಲಿ ಎದೆಬಡಿತದ ಒಂದು ಅಂತರ ಉದ್ದವಾಗಿತ್ತು. ಡೊಂಪೆರಿಡೋನ್ ಕೂಡ ಅದನ್ನು ಉದ್ದಮಾಡುವ ಔಷಧ, ಲವಣಗಳು ಕಡಿಮೆ ಇರುವಾಗ ಅದು ಅಪಾಯ ಎಂದು ಆ ರಾತ್ರಿಯೇ ನಿಲ್ಲಿಸಿದರು. ಬೆಳಗಿನ ಜಾವ ನಾಲ್ಕಕ್ಕೆ ರಕ್ತದ ಫಲಿತಾಂಶ ಬಂತು. ಪೊಟ್ಯಾಸಿಯಂ 2.8. ಕ್ಯಾಲ್ಸಿಯಂ 7. ಮೆಗ್ನೀಸಿಯಂ 0.8. ಇರಬೇಕಾದದ್ದು ಸುಮಾರು 1.7ರಿಂದ 2.2, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಡಿಮೆ.

ನಾನು ಕೇಳಿದೆ, "ಡಾಕ್ಟರೇ, ಎಲೆಕ್ಟ್ರೋಲೈಟ್ ಪರೀಕ್ಷೆ ಮಾಡಿಸಿದ್ದೆವಲ್ಲ, ಅದರಲ್ಲಿ ಇದು ಯಾಕೆ ಬರಲಿಲ್ಲ?" ಸಾಮಾನ್ಯವಾಗಿ ಎಲೆಕ್ಟ್ರೋಲೈಟ್ ಎಂದು ಬರೆದರೆ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಇಷ್ಟೇ ನೋಡುತ್ತಾರೆ. ಮೆಗ್ನೀಸಿಯಂ ಬೇಕೆಂದರೆ ಬೇರೆಯಾಗಿ ಬರೆಯಬೇಕು, ಬೇರೆ ಹಣ ಕೊಡಬೇಕು. ದೇಹದ ಮೆಗ್ನೀಸಿಯಂನ ಶೇಕಡಾ ಒಂದಕ್ಕಿಂತ ಕಡಿಮೆ ಪಾಲು ಮಾತ್ರ ರಕ್ತದಲ್ಲಿರುತ್ತದೆ, ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲಿ. ಹಾಗಾಗಿ ರಕ್ತದಲ್ಲಿ ಸಂಖ್ಯೆ ಸರಿ ಇದ್ದರೂ ಒಳಗೆ ಕೊರತೆ ಇರಬಹುದು. ರಕ್ತದಲ್ಲೇ 0.8 ಎಂದರೆ ಖಜಾನೆ ಬರಿದಾಗಿದೆ.

ಕ್ಯಾಲ್ಸಿಯಂ ಮಾತ್ರೆ ನಾಲ್ಕು ತಿಂಗಳು ನುಂಗಿದರೂ ಏರದೆ ಇದ್ದದ್ದು ಯಾಕೆ ಎಂಬುದೂ ಆಗ ತಿಳಿಯಿತು. ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದೆ ನಾಲ್ಕು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದ ಕ್ಯಾಲ್ಸಿಯಂ ಕಾಯುವುದು ಅವುಗಳ ಹಾರ್ಮೋನು. ಮೆಗ್ನೀಸಿಯಂ ತೀರಾ ಕಡಿಮೆಯಾದರೆ ಅವು ಹಾರ್ಮೋನನ್ನೇ ಬಿಡುವುದಿಲ್ಲ. ಪೊಟ್ಯಾಸಿಯಂ ಕಥೆಯೂ ಹೀಗೆಯೇ, ಮೆಗ್ನೀಸಿಯಂ ಇಲ್ಲದೆ ಮೂತ್ರಪಿಂಡ ಅದನ್ನು ಹಿಡಿದಿಟ್ಟುಕೊಳ್ಳಲಾರದು. ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಷ್ಟು ಕೊಟ್ಟರೂ ಏರುತ್ತಿಲ್ಲ ಎಂದಾದರೆ ಮೆಗ್ನೀಸಿಯಂ ನೋಡಿದ್ದಾರೆಯೇ ಎಂದು ಕೇಳಿ. ಸಂಕೋಚ ಬೇಡ.

ಮೂರು ದಿನ ಒಳರೋಗಿ. ಮೆಗ್ನೀಸಿಯಂ ಸಲ್ಫೇಟ್ ಅನ್ನು ಡ್ರಿಪ್ಪಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬಿಟ್ಟರು. ಬೇಗ ಕೊಟ್ಟರೆ ಮೂತ್ರಪಿಂಡ ಅದರಲ್ಲಿ ಅರ್ಧದಷ್ಟನ್ನು ಹಾಗೆಯೇ ಹೊರಹಾಕುತ್ತದಂತೆ. ಡ್ರಿಪ್ ಶುರುವಾದಾಗ ಅಮ್ಮನಿಗೆ ಮೈಯೆಲ್ಲ ಬಿಸಿಯಾದಂತೆ ಆಯಿತು. ನಾನು ಹೆದರಿದೆ. ಸಿಸ್ಟರ್ ಬಂದು "ಇದಕ್ಕೆ ಹಾಗಾಗುತ್ತದೆ, ಗಾಬರಿಯಾಗಬೇಡಿ" ಎಂದು ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿ ನೋಡಿದರು. ಮೆಗ್ನೀಸಿಯಂ ಅತಿಯಾದರೆ ಮೊದಲು ಹೋಗುವುದು ಆ ಮೊಣಕಾಲಿನ ಚಿಮ್ಮುವಿಕೆ. ಮೂತ್ರ ಎಷ್ಟು ಹೋಗುತ್ತದೆ ಎಂದೂ ಅಳೆದರು. ಎರಡನೆಯ ದಿನ ಸಂಜೆ ಅಮ್ಮ ತಾನೇ ಲೋಟ ಹಿಡಿದು ಚಹಾ ಕುಡಿದಳು. ನಾನು ವರಾಂಡಕ್ಕೆ ಬಂದು ಅತ್ತುಬಿಟ್ಟೆ.

ಹಣದ ಮಾತು. ಪೇಟೆಯ ಲ್ಯಾಬಿಗೆ 1,150 ರೂಪಾಯಿ. ಆಸ್ಪತ್ರೆಯ ಬಿಲ್ಲು 21,400. ಬಿಲ್ಲಿನಲ್ಲಿ ಅತಿ ಅಗ್ಗದ ಸಾಲು ಆ ಮೆಗ್ನೀಸಿಯಂ ಇಂಜೆಕ್ಷನ್ನಿನದು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದು ನಮಗೂ ಗೊತ್ತಿತ್ತು. ಆದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ನಮ್ಮ ಕೈಯಲ್ಲಿ ಇರಲಿಲ್ಲ, ಆ ಯೋಜನೆಯ ಕಾರ್ಡೂ ಆಗಿರಲಿಲ್ಲ. ವರ್ಷದ ಹಿಂದೆ ಗ್ರಾಮ ಒನ್ ಕೇಂದ್ರಕ್ಕೆ ಕಾರ್ಡಿಗೆಂದು ಹೋಗಿದ್ದಾಗ ಅಮ್ಮನ ಬೆರಳಚ್ಚು ಯಂತ್ರಕ್ಕೆ ಸಿಕ್ಕಿರಲಿಲ್ಲ, ಎಲೆ ಉಜ್ಜಿ ಉಜ್ಜಿ ಗೆರೆಗಳೇ ಸವೆದಿವೆ. ಆಧಾರಿಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಅಣ್ಣ ಊರಲ್ಲಿದ್ದಾಗಿನದು, ಅದು ಎಂದೋ ನಿಂತುಹೋಗಿತ್ತು, ಒಟಿಪಿ ಬರಲಿಲ್ಲ. ಪಡಿತರ ಚೀಟಿಯಲ್ಲಿ ಹೆಸರು ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ. ಆಮೇಲೆ ಮಾಡಿಸೋಣ ಎಂದು ಬಿಟ್ಟಿದ್ದೆವು. ಈ ಸಲ ಮೊದಲು ಆಧಾರಿನ ಮೊಬೈಲ್ ಸಂಖ್ಯೆ ಬದಲಿಸಿ, ಪಡಿತರ ಚೀಟಿಯ ಹೆಸರು ಸರಿಮಾಡಿಸಿ, ಆಮೇಲೆ ಕಾರ್ಡಿಗೆ ಹೋದೆವು. ಇದೇ ಕ್ರಮದಲ್ಲಿ ಹೋದರೆ ಅಲೆದಾಟ ಕಡಿಮೆ. ಬೀಡಿ, ಗೇರುಬೀಜ, ಕಲ್ಲುಕೋರೆ ಕೆಲಸದವರು ಆರೋಗ್ಯ ಕೆಡುವ ಮೊದಲೇ ಇದನ್ನು ಮುಗಿಸಿಟ್ಟುಕೊಳ್ಳಿ. ಹೊರರೋಗಿಯಾಗಿ ಮಾಡಿಸುವ ರಕ್ತಪರೀಕ್ಷೆಗಳ ಖರ್ಚು ಮಾತ್ರ ಕಾರ್ಡ್ ಇದ್ದರೂ ನಮ್ಮದೇ. ಬಸ್ಸಿನ ಖರ್ಚೂ ಅಷ್ಟೇ. ಹೆಂಗಸರಿಗೆ ಬಸ್ ಉಚಿತ ಎನ್ನುತ್ತಾರೆ, ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸುಗಳು, ಅವುಗಳಲ್ಲಿ ಟಿಕೆಟ್ ಕೊಳ್ಳಲೇಬೇಕು.

ಮನೆಗೆ ಬರುವಾಗ ಬಿಪಿಗೆ ಬೇರೆ ಮಾತ್ರೆ, ಗ್ಯಾಸ್ಟ್ರಿಕ್ಕಿಗೆ ಫ್ಯಾಮೊಟಿಡಿನ್, ಮೆಗ್ನೀಸಿಯಂ ಮಾತ್ರೆ. ಮೆಗ್ನೀಸಿಯಂ ಮಾತ್ರೆ ಶುರುಮಾಡಿದ ಮೂರನೆಯ ದಿನ ಭೇದಿ. ಅದು ಹೆಚ್ಚಾದರೆ ಒಳಗೆ ಹೋದದ್ದೂ ಹೊರಗೆ. ಡಾಕ್ಟರಿಗೆ ಫೋನ್ ಮಾಡಿದೆ. ಒಂದೇ ಸಲ ಕೊಡುವ ಬದಲು ಊಟದ ಜೊತೆ ಭಾಗ ಮಾಡಿ ಕೊಡಿ ಎಂದರು, ಸರಿಹೋಯಿತು. ರಕ್ತದ ಮೆಗ್ನೀಸಿಯಂ ಒಂದು ವಾರಕ್ಕೆ 1.5, ನಾಲ್ಕು ವಾರಕ್ಕೆ 1.8. ಕೈ ಹಿಡಿಯುವುದು ನಿಂತಿತು. ನಾವು ಗೆದ್ದೆವು ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಮತ್ತೆ 1.3ಕ್ಕೆ ಇಳಿಯಿತು.

ಇದು ನನಗೆ ಎಲ್ಲಕ್ಕಿಂತ ಕಷ್ಟದ ಕಾಲ. ಮಾತ್ರೆ ಕೊಡುತ್ತಿದ್ದೇನೆ, ಊಟ ನೋಡುತ್ತಿದ್ದೇನೆ, ಎಲ್ಲಿ ಸೋರುತ್ತಿದೆ? ಕರುಳಿನಲ್ಲಿ ಸೋರಿಕೆಯೋ ಮೂತ್ರಪಿಂಡದಲ್ಲೋ ಎಂದು ನೋಡಲು 24 ಗಂಟೆಯ ಮೂತ್ರ ಸಂಗ್ರಹಿಸಿ ತರಲು ಹೇಳಿದರು. ಈ ಪರೀಕ್ಷೆಗೆ ಹೋಗುವವರು ಗಮನಿಸಿ. ಬೆಳಿಗ್ಗೆ ಎದ್ದ ಕೂಡಲೆ ಹೋಗುವ ಮೊದಲ ಮೂತ್ರವನ್ನು ಚೆಲ್ಲಿಬಿಡಬೇಕು, ಆ ಸಮಯ ಬರೆದಿಡಬೇಕು. ಅಲ್ಲಿಂದ ಹಗಲು, ರಾತ್ರಿ ಹೋಗುವ ಪ್ರತಿಯೊಂದು ಹನಿಯೂ, ಮರುದಿನ ಅದೇ ಸಮಯದ ಮೊದಲ ಮೂತ್ರವೂ ಸೇರಿ, ಡಬ್ಬಿಗೆ ಬೀಳಬೇಕು. ಡಬ್ಬಿಯನ್ನು ಲ್ಯಾಬಿನವರೇ ಕೊಡುತ್ತಾರೆ, ಅದರ ತಳದಲ್ಲಿ ಸ್ವಲ್ಪ ಆಮ್ಲ ಹಾಕಿರುತ್ತಾರೆ. ನಮ್ಮಮ್ಮ ವಾಸನೆ ಬರುತ್ತದೆ ಎಂದು ಅದನ್ನು ತೊಳೆದು ಬಿಸಿಲಿಗೆ ಕವುಚಿಟ್ಟಳು. ನಾನು ಸಂಘದಿಂದ ಬಂದು ನೋಡಿದರೆ ಡಬ್ಬಿ ಒಣಗುತ್ತಿದೆ. ಮತ್ತೆ ರಜೆ ಹಾಕಿ, ಉಡುಪಿಗೆ ಹೋಗಿ, ಬೇರೆ ಡಬ್ಬಿ ತಂದೆ. ಎರಡನೆಯ ಸಲ ಅದನ್ನು ಬಟ್ಟೆಯ ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತೆ. ಪಕ್ಕದವರು ತುಪ್ಪವೇ ಎಂದು ಕೇಳಿದರು, ಲ್ಯಾಬಿಗೆ ಎಂದೆ. ಅಮ್ಮನಿಗಾಗಿ ತೆಗೆದುಕೊಂಡು ಹೋಗುವಾಗ ನಾಚಿಕೆ ಏನೂ ಅನ್ನಿಸಲಿಲ್ಲ. ಇದಕ್ಕೆ 900 ರೂಪಾಯಿ.

ಮೂತ್ರದಲ್ಲಿ ಮೆಗ್ನೀಸಿಯಂ ತೀರಾ ಕಡಿಮೆ ಬಂತು. ಎಂದರೆ ಮೂತ್ರಪಿಂಡ ತನ್ನ ಕೈಲಾದಷ್ಟು ಹಿಡಿದಿಟ್ಟುಕೊಳ್ಳುತ್ತಿದೆ, ಒಳಗೇ ಹೋಗುತ್ತಿಲ್ಲ. ಡಾಕ್ಟರು ರಿಪೋರ್ಟ್ ಕೆಳಗಿಟ್ಟು ಮೆಲ್ಲಗೆ ಕೇಳಿದರು, "ಅಮ್ಮಾ, ಹಳೆಯ ಗ್ಯಾಸ್ಟ್ರಿಕ್ ಮಾತ್ರೆ ಮತ್ತೆ ಶುರುಮಾಡಿದಿರಾ?"

ಅಮ್ಮ ಸೆರಗು ಹಿಡಿದು ಕೂತಳು. ಮಾತ್ರೆ ನಿಲ್ಲಿಸಿದ ಮೇಲೆ ಎದೆಯುರಿ ಮೊದಲಿಗಿಂತ ಹೆಚ್ಚಾಗಿತ್ತಂತೆ, ರಾತ್ರಿ ಮಲಗಲಾಗುತ್ತಿರಲಿಲ್ಲವಂತೆ. ನನಗೆ ಹೇಳಿದರೆ ಮತ್ತೆ ರಜೆ, ಮತ್ತೆ ಖರ್ಚು ಎಂದು ಹೇಳಿರಲಿಲ್ಲ. ಬೀಡಿ ಬ್ರಾಂಚಿಗೆ ಕಟ್ಟು ಕೊಡಲು ಹೋದಾಗ ಪಕ್ಕದ ಮೆಡಿಕಲ್ಲಿನಿಂದ ಹತ್ತು ಮಾತ್ರೆಯ ಹಾಳೆ ತಂದಿದ್ದಳು. ಚೀಟಿ ಕೇಳಲಿಲ್ಲ, ಯಾವಾಗಲೂ ಕೊಂಡುಹೋಗುವವರಲ್ಲವೇ ಎಂದು ಕೊಟ್ಟರು. ನನಗೆ ಸಿಟ್ಟು ಬಂತು, ಅಮ್ಮನ ಮೇಲಲ್ಲ. ಈ ಮಾತ್ರೆ ನಿಲ್ಲಿಸಿದಾಗ ಕೆಲವು ವಾರ ಹೊಟ್ಟೆಯಲ್ಲಿ ಆಮ್ಲ ಮೊದಲಿಗಿಂತ ಹೆಚ್ಚು ಸುರಿಯುವುದು ಉಂಟು, ಆಮೇಲೆ ತಣಿಯುತ್ತದೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಮ್ಮ ತಡೆದುಕೊಳ್ಳುತ್ತಿದ್ದಳು, ಇಲ್ಲವೇ ನನಗೆ ಹೇಳುತ್ತಿದ್ದಳು. ಈಗ ರಾತ್ರಿ ಊಟ ಎಂಟಕ್ಕೆ, ತಲೆಯ ಕಡೆ ಮಂಚದ ಕಾಲಿನ ಕೆಳಗೆ ಎರಡು ಮರದ ತುಂಡು, ದಿನಕ್ಕೆ ಆರು ಲೋಟದ ಚಹಾ ಎರಡಕ್ಕೆ ಇಳಿದಿದೆ. ಐದನೆಯ ವಾರಕ್ಕೆ ಉರಿ ತಗ್ಗಿತು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಹುಣ್ಣು ಇರುವವರಿಗೆ, ಹೃದಯಕ್ಕೆಂದು ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರಿಗೆ ಅದು ಬೇಕಾಗಿಯೇ ಕೊಟ್ಟಿರಬಹುದು. ಸ್ಟ್ರಿಪ್ ಹಿಡಿದುಕೊಂಡು ಹೋಗಿ ಕೇಳಿ, ಅಷ್ಟೇ.

ಊಟದ ವಿಷಯದಲ್ಲಿ ಅಮ್ಮನಿಗೆ ಹೊಸದೇನನ್ನೂ ಕಲಿಸಬೇಕಾಗಲಿಲ್ಲ, ಬಿಟ್ಟದ್ದನ್ನು ಮತ್ತೆ ಹಿಡಿದಳು. ಅಜ್ಜಿಯ ಕಾಲದಲ್ಲಿ ತೌಡು ಉಳಿದ ಕೆಂಪು ಕುಚ್ಚಲಕ್ಕಿ, ಹುರುಳಿ ಸಾರು, ಹಿತ್ತಲ ಬಸಳೆ. ನಮ್ಮ ಕಾಲಕ್ಕೆ ಬಿಳಿ ಅಕ್ಕಿ, ಉಪ್ಪಿನಕಾಯಿ, ಚಹಾ. ಮೆಗ್ನೀಸಿಯಂ ಇರುವುದು ತೌಡಿನಲ್ಲಿ, ಕಾಳಿನಲ್ಲಿ, ಎಳ್ಳಿನಲ್ಲಿ, ಗೇರುಬೀಜದಲ್ಲಿ, ಸೊಪ್ಪಿನಲ್ಲಿ. ಸ್ವಲ್ಪ ಪಾಲು ಬೇಯಿಸಿದ ನೀರಿಗೆ ಇಳಿಯುತ್ತದೆ, ಆ ತಿಳಿಯನ್ನು ನಾವು ಬಸಿದು ದನದ ಅಕ್ಕಚ್ಚಿಗೆ ಸೇರಿಸುತ್ತಿದ್ದೆವು. ಈಗ ಹುರುಳಿ ಬೇಯಿಸಿದ ನೀರೇ ಸಾರು. ಆದರೆ 0.8ಕ್ಕೆ ಇಳಿದದ್ದನ್ನು ಬಸಳೆ ಎತ್ತಲಾರದು, ಅದಕ್ಕೆ ಆಸ್ಪತ್ರೆಯೇ ಬೇಕು. ಎಳನೀರು ಕುಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಮೂತ್ರಪಿಂಡ ಸರಿ ಇದೆಯೇ ಎಂದು ಕ್ರಿಯಾಟಿನಿನ್ ನೋಡಿಸದೆ ದಿನಾ ಕುಡಿಸಬೇಡಿ. ಅದರಲ್ಲಿ ಪೊಟ್ಯಾಸಿಯಂ ಹೇರಳ, ಕೆಟ್ಟ ಮೂತ್ರಪಿಂಡಕ್ಕೆ ಅದು ವಿಷ. ಮೆಗ್ನೀಸಿಯಂ ಮಾತ್ರೆಗೂ ಇದೇ ಮಾತು.

ದೀಪಾವಳಿ ಕಳೆದು ಮೊನ್ನೆ ಕೊನೆಯ ರಿಪೋರ್ಟ್ ಬಂತು. ಮೆಗ್ನೀಸಿಯಂ 1.9, ಪೊಟ್ಯಾಸಿಯಂ 4.2, ಈ ಸಲ ಕೆಳಗೆ ಯಾವ ಸಣ್ಣ ಅಕ್ಷರವೂ ಇಲ್ಲ. ಕ್ಯಾಲ್ಸಿಯಂ 9.1, ಕ್ಯಾಲ್ಸಿಯಂ ಮಾತ್ರೆ ಇಲ್ಲದೆಯೇ. ಎಚ್‌ಬಿಎ1ಸಿ 7.5. ಶುಗರ್ ಇಳಿದದ್ದು ಮೆಗ್ನೀಸಿಯಂನಿಂದ ಮಾತ್ರ ಎಂದು ಹೇಳಲಾಗದು, ಊಟ, ನಡಿಗೆ, ಮಾತ್ರೆ ಎಲ್ಲ ಸೇರಿದೆ ಎಂದರು ಡಾಕ್ಟರು. ನನ್ನ ಪರೀಕ್ಷೆಯನ್ನೂ ಮಾಡಿಸಿಕೊಂಡೆ. ಸೊಂಟದ ಸುತ್ತಳತೆ 88 ಸೆಂಟಿಮೀಟರ್, ನಮ್ಮ ಕಡೆಯ ಹೆಂಗಸರಿಗೆ 80ರ ಒಳಗೆ ಇರಬೇಕು. ಖಾಲಿ ಹೊಟ್ಟೆಯ ಶುಗರ್ 108. ಟ್ರೈಗ್ಲಿಸರೈಡ್ 172, 150ರ ಒಳಗೆ ಇರಬೇಕು. ಈ ಪಟ್ಟಿಯ ಐದರಲ್ಲಿ ಮೂರು ತಪ್ಪಿದರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಶುಗರ್, ಹೃದಯದ ಕಾಯಿಲೆಗಳ ಅಪಾಯ ಹೆಚ್ಚಿರುವ ಸ್ಥಿತಿ. ಪಟ್ಟಿಯ ಉಳಿದೆರಡು ಬಿಪಿ ಮತ್ತು ಒಳ್ಳೆಯ ಕೊಲೆಸ್ಟರಾಲ್. ನನಗೆ ಮೂರು ತಪ್ಪಿದೆ. 39 ವರ್ಷ ನನಗೆ. ಈಗ ಸಂಘದಿಂದ ಮನೆಗೆ ಬಸ್ ಇಳಿಯುವುದು ಎರಡು ನಿಲ್ದಾಣ ಮೊದಲೇ.

ಪೆರ್ಡೂರಿನ ಅನಂತಪದ್ಮನಾಭ ಕದಳೀಪ್ರಿಯ, ಕೈ ಸರಿಹೋದರೆ ಬಾಳೆಹಣ್ಣು ಕೊಡುತ್ತೇನೆಂದು ಅಮ್ಮ ಹರಕೆ ಹೇಳಿದ್ದಳು. ಮೊನ್ನೆ ಸಂಕ್ರಮಣಕ್ಕೆ ಹೋಗಿ ಒಪ್ಪಿಸಿ ಬಂದಳು, ಗೊನೆಯನ್ನು ತಾನೇ ಹಿಡಿದು.

ಬ್ರಾಂಚಿನಲ್ಲಿ ಅಮ್ಮ ಇದನ್ನೆಲ್ಲ ಹೇಳಿದ್ದಾಳೆ. ಈ ಭಾನುವಾರ ನಮ್ಮ ಜಗಲಿಗೆ ಅವಳ ಜೊತೆಯವರು ನಾಲ್ವರು ತಮ್ಮ ತಮ್ಮ ಮಾತ್ರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಂದರು. ನಾನು ಡಾಕ್ಟರಲ್ಲ ಎಂದು ಮೊದಲೇ ಹೇಳಿದೆ. ಒಂದೊಂದನ್ನೇ ತಿರುಗಿಸಿ ಹೆಸರು, ಎಷ್ಟು ವರ್ಷದಿಂದ ಎಂಬುದನ್ನು ಹಾಳೆಯಲ್ಲಿ ಬರೆದುಕೊಟ್ಟೆ. ಮೂವರ ಚೀಲದಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಇತ್ತು. ಒಬ್ಬ ಅಕ್ಕನ ಚೀಲದಲ್ಲಿ ಅದೂ ಇತ್ತು, "ಎಚ್" ಇರುವ ಬಿಪಿ ಮಾತ್ರೆಯೂ ಇತ್ತು, ಕ್ಯಾಲ್ಸಿಯಂ ಡಬ್ಬಿಯೂ ಇತ್ತು. ರಾತ್ರಿ ಕಾಲು ಸೆಳೆಯುತ್ತದೆ ಎಂದರು. ಅವರ ಹಾಳೆಯ ಕೊನೆಗೆ ದೊಡ್ಡ ಅಕ್ಷರದಲ್ಲಿ ಇನ್ನೊಂದು ಸಾಲು ಬರೆದೆ: "ಮೆಗ್ನೀಸಿಯಂ ಒಮ್ಮೆ ನೋಡಬಹುದೇ?" ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಪಡಿತರ ಚೀಟಿಯ ಕವರಿನೊಳಗೆ ಇಟ್ಟುಕೊಂಡರು. ನಾಳೆ ಏಳೂಕಾಲಿನ ಬಸ್ಸಿಗೆ ಅವರ ಜೊತೆ ಅಮ್ಮನೂ ಹೋಗುತ್ತಾಳೆ.